ಆಲೂಗಡ್ಡೆಗೆ ಟೋಪಿ

ಥೋರ್ಕಿಲ್ ಎಂಬ ಮನುಷ್ಯನಿಗೆ ‘ಇಲ್ಲ’ ಅನ್ನಲು ಬರುತ್ತಿರಲಿಲ್ಲ. ಬಾಯಿಗೆ ಏನೂ ಊನವಿರಲಿಲ್ಲ. ಹುಳಿಯಲ್ಲಿ ನೆನೆಸಿದ ಹೆರಿಂಗ್ ಮೀನು ತಿನ್ನುವುದಕ್ಕೆ, ಶಿಳ್ಳೆ ಹಾಕುವುದಕ್ಕೆ, ಮಕ್ಕಳ ಮುಂದೆ ಹಂದಿಯಂತೆ ಗುರುಗುಡುವುದಕ್ಕೆ ಅದು ಚೆನ್ನಾಗಿಯೇ ಒದಗಿಬರುತ್ತಿತ್ತು. ಆದರೆ ಯಾರಾದರೂ ಎದುರಿಗೆ ನಿಂತು ಮುಖ ನೋಡಿ ಏನನ್ನಾದರೂ ಕೇಳಿದರೆ ಸಾಕು, ಮನಸ್ಸಿನಲ್ಲಿ ಏನೇ ಇರಲಿ, ಬಾಯಿಂದ ಬರುತ್ತಿದ್ದದ್ದು ಒಂದೇ: “ಹೌದು ಹೌದು, ಅದಕ್ಕೇನಂತೆ.”

ಈ ಮಾತಿನ ದೆಸೆಯಿಂದ ಅವನ ಮನೆಯಲ್ಲಿ ಪರರ ಪಿಯಾನೊ ಒಂದಿತ್ತು. ಎದುರು ಮನೆಯವರು ಬೇರೆ ಕಡೆ ಹೋಗುವಾಗ “ಸ್ವಲ್ಪ ದಿನ ಇಟ್ಕೊಂಡಿರ್ತೀಯಾ?” ಎಂದು ಕೇಳಿದ್ದರು, ಅದಾಗಿ ಎಷ್ಟೋ ವರ್ಷವಾಗಿತ್ತು. ಅದೇ ಮಾತಿನ ದೆಸೆಯಿಂದ ಅವನ ಮನೆಯಲ್ಲಿ ಹೆಂಡತಿ ಇರಲಿಲ್ಲ. ಬೇಸಿಗೆಯ ಕೊನೆಯಲ್ಲಿ ಒಂದು ದಿನ ರಿಕ್ಕೆ ಅಡುಗೆಮನೆಯ ಮೇಜಿನ ಆಚೆ ಬದಿ ಕೂತು, “ನಾವಿಬ್ರೂ ಬೇರೆ ಬೇರೆ ಇದ್ರೇನೇ ಒಳ್ಳೇದು ಅಂತ ನಿಂಗೂ ಅನ್ಸಲ್ವಾ?” ಎಂದು ಮೆಲ್ಲಗೆ ಕೇಳಿದಳು. ಥೋರ್ಕಿಲ್ ಹೌದು ಹೌದು ಎಂದ. ಎಂದು, ಅವಳ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದ.

ಇಬ್ಬರು ಮಕ್ಕಳು, ಆರು ವರ್ಷದ ಸೋಲ್ವೈ ಮತ್ತು ಮೂರು ವರ್ಷದ ಅಸ್ಗರ್. ಒಂದು ವಾರ ಅಮ್ಮನ ಹತ್ತಿರ, ಒಂದು ವಾರ ಅಪ್ಪನ ಹತ್ತಿರ ಎಂದು ಮೊದಲು ಮಾತಾಯಿತು. ಕ್ರಿಸ್‌ಮಸ್ ಹೊತ್ತಿಗೆ ರಿಕ್ಕೆಗೆ ಕೋಗೆಯಲ್ಲಿ ಹೊಸ ಕೆಲಸ ಸಿಕ್ಕಿತು. ಕೋಪನ್‌ಹೇಗನ್ನಿನಿಂದ ಕಡಲ ದಡ ಹಿಡಿದು ದಕ್ಷಿಣಕ್ಕೆ ಹೋದರೆ ಸೈಕಲ್ಲಿನಲ್ಲಿ ಅರ್ಧ ದಿನದ ದಾರಿ. “ಮಕ್ಕಳು ಅಲ್ಲೇ ಶಾಲೆಗೆ ಹೋಗ್ಲಿ ಥೋರ್ಕಿಲ್. ಮೊದ್ಲು ಒಂದು ತಿಂಗಳು ಹೊಸ ಮನೆಗೆ ಒಗ್ಗಿಕೊಳ್ಲಿ, ಆಮೇಲೆ ಎರಡು ವಾರಕ್ಕೊಂದ್ಸಲ ಶನಿವಾರ ಭಾನುವಾರ ನಿನ್ನ ಹತ್ರ ಇರ್ತಾರೆ. ಆಗ್ಬಹುದು ತಾನೇ?” ಎಂದಳು. ಅವನು ಏನು ಹೇಳಿದ ಎಂದು ಮತ್ತೆ ಬರೆಯಬೇಕಾಗಿಲ್ಲ.

ಹೀಗೆ ಜನವರಿ ಬಂದಾಗ ಥೋರ್ಕಿಲನ ಪಾಲಿಗೆ ಉಳಿದದ್ದು ಪಿಯಾನೊ ಮತ್ತು ಪೆಟ್ಟಿಗೆ ಸೈಕಲ್. ಮುಂದೆ ಎರಡು ಚಕ್ರ, ಅವುಗಳ ನಡುವೆ ದೊಡ್ಡದೊಂದು ಮರದ ಪೆಟ್ಟಿಗೆ, ಅದರೊಳಗೆ ಮಕ್ಕಳು ಕೂರಲು ಹಲಗೆ, ಮೇಲೆ ಮಳೆ ಹಿಮ ತಡೆಯುವ ಬಟ್ಟೆಯ ಗೂಡು, ಗೂಡಿಗೊಂದು ಪ್ಲಾಸ್ಟಿಕ್ ಕಿಟಕಿ. ಕೋಪನ್‌ಹೇಗನ್ನಿನ ವಾಲ್ಬಿ ಬಡಾವಣೆಯ ಆ ಬೀದಿಯಲ್ಲಿ ಮಕ್ಕಳಿದ್ದ ಮನೆಗೆಲ್ಲ ಇಂಥದ್ದೊಂದು ಇತ್ತು. ಥೋರ್ಕಿಲನ ಮಾಮೂಲಿ ಸೈಕಲ್ಲನ್ನು ರಿಕ್ಕೆ “ತಗೊಂಡು ಹೋಗ್ಲಾ?” ಎಂದು ಕೇಳಿಯಾಗಿತ್ತು. ಆದ್ದರಿಂದ ಅವನು ತಾನು ಕೆಲಸ ಮಾಡುವ ಈಜುಕೊಳಕ್ಕೆ ದಿನವೂ ಖಾಲಿ ಪೆಟ್ಟಿಗೆ ತಳ್ಳಿಕೊಂಡು ಹೋಗಬೇಕಾಯಿತು.

ಭಾರವಿಲ್ಲದ ಪೆಟ್ಟಿಗೆ ಸೈಕಲ್ ತಿರುವಿನಲ್ಲಿ ಮಗ್ಗುಲಾಗುತ್ತದೆ. ಇಷ್ಟು ವರ್ಷ ಒಳಗೆ ಎರಡು ಮಕ್ಕಳು ಕಿತ್ತಾಡುತ್ತ ಕೂತಿರುತ್ತಿದ್ದರಿಂದ ಥೋರ್ಕಿಲನಿಗೆ ಇದು ಗೊತ್ತಿರಲಿಲ್ಲ. ಮೊದಲನೇ ದಿನವೇ ಚರ್ಚಿನ ಮೂಲೆಯಲ್ಲಿ ಮಂಜುಗಡ್ಡೆ ಕಟ್ಟಿದ್ದ ಕಡೆ ಪೆಟ್ಟಿಗೆ ಎದ್ದು, ಅವನು ಬಿದ್ದು, ಮೊಣಕೈ ತರಚಿತು. ಸಂಜೆ ಅಂಗಡಿಯಿಂದ ಎರಡು ಮೂಟೆ ಆಲೂಗಡ್ಡೆ ತಂದು, ಒಂದು ದೊಡ್ಡದು ಒಂದು ಚಿಕ್ಕದು, ಹಲಗೆಯ ಮೇಲೆ ಪಕ್ಕಪಕ್ಕ ಕೂರಿಸಿ ಬೆಲ್ಟು ಬಿಗಿದ. ಮರುದಿನ ಸೈಕಲ್ ಸಾಧುವಾಗಿ ಓಡಿತು. ಇಷ್ಟರಲ್ಲಿ ಯಾವ ತಪ್ಪೂ ಇಲ್ಲ. ಯಾವ ಕಾನೂನೂ ಆಲೂಗಡ್ಡೆಗೆ ಬೆಲ್ಟು ಹಾಕಬಾರದು ಎಂದು ಹೇಳುವುದಿಲ್ಲ.

ತಪ್ಪು ಶುರುವಾದದ್ದು ಅವನಿದ್ದ ವಠಾರದ ನೆಲಮಹಡಿಯ ಕಿಟಕಿಯಿಂದ.

ಆ ಕಿಟಕಿ ಇಂಗೆಲಿಸೆಯವರದು. ಎಂಬತ್ತು ದಾಟಿದ ಒಂಟಿ ಹೆಂಗಸು. ಬೆಳಿಗ್ಗೆ ದೀಪ ಹಚ್ಚಿ, ಹೆಣಿಗೆ ಹಿಡಿದು, ಅಂಗಳದಿಂದ ಯಾರು ಎಷ್ಟು ಹೊತ್ತಿಗೆ ಹೊರಟರು ಎಂಬುದನ್ನು ನೋಡದೆ ಅವರಿಗೆ ಕಾಫಿ ಇಳಿಯುತ್ತಿರಲಿಲ್ಲ. ಇನ್ನೂ ಕತ್ತಲು. ಹಿಮ ಸಣ್ಣಗೆ ಉದುರುತ್ತಿತ್ತು. ಗೂಡು ಮುಚ್ಚಿದ ಸೈಕಲ್ ಹತ್ತುತ್ತಿದ್ದ ಥೋರ್ಕಿಲನನ್ನು ಕಂಡು ಅವರು ಕಿಟಕಿ ತೆರೆದರು.

“ಏನಪ್ಪ ಥೋರ್ಕಿಲ್, ಈ ಚಳೀಲೂ ಮಕ್ಕಳನ್ನ ಬಿಡೋಕೆ ಹೊರಟ್ಯಾ?”

“ಹೌದು ಹೌದು” ಎಂದುಬಿಟ್ಟ ಥೋರ್ಕಿಲ್.

“ಒಳಗೆ ಸದ್ದೇ ಇಲ್ವಲ್ಲ?”

“ನಿದ್ದೆ.”

“ಪಾಪ, ಕಂದಮ್ಮಗಳು. ತಡಿ, ಒಂದು ನಿಮಿಷ!”

ಕಿಟಕಿ ಮುಚ್ಚಿತು. ಓಡಿಹೋಗಲು ಆ ಒಂದು ನಿಮಿಷ ಧಾರಾಳವಾಗಿ ಸಾಕಿತ್ತು. ಆದರೆ ತಡಿ ಎಂದವರ ಮಾತು ಮೀರಿ ಥೋರ್ಕಿಲನಿಗೆ ಅಭ್ಯಾಸವಿಲ್ಲ. ಇಂಗೆಲಿಸೆ ಮನೆಯ ಚಪ್ಪಲಿಯಲ್ಲೇ ಹಿಮ ತುಳಿದುಕೊಂಡು ಬಂದರು. ಕೈಯಲ್ಲಿ ಎರಡು ಉಣ್ಣೆ ಟೋಪಿ, ಕೆಂಪಗೆ, ತಲೆಯ ಮೇಲೆ ಬಿಳಿ ಗೊಂಡೆ.

“ಕ್ರಿಸ್‌ಮಸ್ಸಿಗೇ ಮುಗೀಬೇಕಿತ್ತು, ಬೆರಳು ಕೇಳಲ್ಲ ನೋಡು. ಈಗ್ಲೇ ಹಾಕು. ಕಿವಿ ಮುಚ್ಚೋ ಹಾಗೆ ಹಾಕು. ನಾನೇ ಹಾಕ್ಲಾ?”

“ಬೇ... ನಾನೇ ಹಾಕ್ತೀನಿ. ಗಾಳಿ ನುಗ್ಗುತ್ತೆ.”

ಥೋರ್ಕಿಲ್ ಗೂಡಿನ ಅಂಚನ್ನು ಗೇಣಷ್ಟು ಎತ್ತಿ, ಎರಡೂ ತೋಳು ಒಳಗೆ ತೂರಿಸಿ, ದೊಡ್ಡ ಮೂಟೆಗೆ ಒಂದು, ಚಿಕ್ಕ ಮೂಟೆಗೆ ಒಂದು ಟೋಪಿ ಹಾಕಿದ. ಕಿವಿ ಮುಚ್ಚುವ ಹಾಗೆಯೇ ಹಾಕಿದ. ಪ್ಲಾಸ್ಟಿಕ್ ಕಿಟಕಿಗೆ ಕಟ್ಟಿದ್ದ ಹಿಮದ ಪೊರೆಯ ಹಿಂದೆ ಎರಡು ಕೆಂಪು ತಲೆ ಕಂಡವು.

“ಎಷ್ಟು ಚೆನ್ನಾಗಿ ಒಪ್ಪುತ್ತೆ!” ಎಂದ ಇಂಗೆಲಿಸೆಯವರ ಕಣ್ಣಲ್ಲಿ ನೀರು ಬಂತು.

ಟೋಪಿ ಹಾಕುವುದು ಎಂಬ ಮಾತಿಗೆ ಇನ್ನೊಂದು ಅರ್ಥವಿದೆಯಷ್ಟೆ. ಆ ಬೆಳಿಗ್ಗೆ ಎರಡೂ ಅರ್ಥದಲ್ಲಿ ಟೋಪಿ ಬಿತ್ತು.

ಸಂಜೆಯ ಹೊತ್ತಿಗೆ ಅಂಗಳಕ್ಕೆಲ್ಲ ಸುದ್ದಿ. ಹೆಂಡತಿ ಬಿಟ್ಟುಹೋದರೂ ಒಂದು ದಿನವೂ ಬಸ್ಸು ಹತ್ತದೆ, ಈ ಮೂಳೆ ಕೊರೆಯುವ ಚಳಿಯಲ್ಲಿ ಇಬ್ಬರು ಮಕ್ಕಳನ್ನು ಪೆಟ್ಟಿಗೆಯಲ್ಲಿ ಕೂರಿಸಿ ತುಳಿಯುತ್ತಾನಂತೆ! ಇಲ್ಲಿಯವರೆಗೆ ಥೋರ್ಕಿಲನನ್ನು ಯಾರೂ ಯಾವುದಕ್ಕೂ ಹೊಗಳಿದವರಲ್ಲ. ಮೆಟ್ಟಿಲಲ್ಲಿ ಸಿಕ್ಕ ಹೆಂಗಸೊಬ್ಬಳು ಅವನ ತೋಳು ಹಿಡಿದು, “ನನ್ನ ಗಂಡನೂ ಇದ್ದಾನೆ, ಕಾರಿನ ಸೀಟು ಬಿಸಿಯಾಗೋವರೆಗೂ ಮನೆಯಿಂದ ಕಾಲು ಹೊರಗೆ ಇಡಲ್ಲ” ಎಂದಳು. ಥೋರ್ಕಿಲ್ ನಿಜ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು, “ಕಷ್ಟ ಆಗಲ್ವಾ?” ಎಂದು ಕೇಳಿಬಿಟ್ಟಳು. ಕೇಳಿದ ಮೇಲೆ ಇನ್ನೇನು? ಹೌದು ಹೌದು.

ಮಾರನೆಯ ದಿನ ಪ್ರೆಬೆನ್ ಬಂದ. ನಿವೃತ್ತ ವ್ಯಾಯಾಮದ ಮೇಷ್ಟ್ರು, ಅಂಗಳ ಸಮಿತಿಯ ಅಧ್ಯಕ್ಷ. ಕಸದ ಡಬ್ಬಿಯ ಮುಚ್ಚಳದಿಂದ ಹಿಡಿದು ಪರರ ಮಕ್ಕಳ ಮೂಗಿನವರೆಗೆ ಎಲ್ಲದರ ಹೊಣೆಯೂ ತನ್ನದೆಂದು ತಿಳಿದವನು. ಕಂಕುಳಲ್ಲಿ ಕುರಿಯ ತುಪ್ಪಟದ ಚರ್ಮವೊಂದನ್ನು ಸುತ್ತಿ ತಂದಿದ್ದ.

“ಕೇಳು ಥೋರ್ಕಿಲ್. ತುಳಿಯೋನು ನೀನು, ಬೆವರೋನು ನೀನು. ಕೂತೋರು ಬೆವರಲ್ಲ, ಹೆಪ್ಪುಗಟ್ತಾರೆ. ನಿಂಗೆ ಬೆಚ್ಚಗಿದೆ ಅಂದ್ರೆ ಅವ್ರಿಗೂ ಬೆಚ್ಚಗಿದೆ ಅಂತಲ್ಲ. ಮೈಗೆ ಅಂಟಿಕೊಂಡು ಏನು ಹಾಕ್ತೀಯ?”

ಥೋರ್ಕಿಲ್ ಯೋಚಿಸಿದ. ಮೂಟೆ ಗೋಣಿಯದು. “ನಾರು” ಎಂದ.

“ನಾರಾ! ಉಣ್ಣೆ ಹಾಕು ಮಾರಾಯ, ಉಣ್ಣೆ! ಮೇಲೆ ಮತ್ತೆ ಉಣ್ಣೆ. ಅದರ ಮೇಲೆ ಗಾಳಿ ತಡೆಯೋದು. ಕೆಳಗೆ ಈ ಕುರಿ ಚರ್ಮ, ಕಾಲ ಹತ್ರ ಬಿಸಿನೀರಿನ ಚೀಲ. ಕೆನ್ನೆಗೆ ಕೊಬ್ಬಿನ ಮುಲಾಮು. ಮುಖ ಒಡೆದಿದ್ಯಾ ಅವ್ರಿಗೆ?”

“ಸ್ವಲ್ಪ ಮಣ್ಣು... ಸ್ವಲ್ಪ ಒರಟಾಗಿದೆ.”

“ನೋಡಿದ್ಯಾ! ಮುಲಾಮು ಹಚ್ಚದೆ ಇದ್ರೆ ಸಿಪ್ಪೆ ಏಳುತ್ತೆ.”

“ಹೌದು ಹೌದು” ಎಂದ ಥೋರ್ಕಿಲ್. ಸಿಪ್ಪೆಯ ವಿಷಯದಲ್ಲಿ ಮಾತ್ರ ಅವನು ಸುಳ್ಳಾಡಲಿಲ್ಲ.

ಅಂದಿನಿಂದ ಪ್ರೆಬೆನ್ ಬೆಳಿಗ್ಗೆ ಅಂಗಳದ ಬಾಗಿಲಲ್ಲಿ ನಿಂತು ಉಷ್ಣಾಂಶ ಕೂಗಿ ಹೇಳುತ್ತಿದ್ದ. ಆಲೂಗಡ್ಡೆಗಳು ಕುರಿ ಚರ್ಮದ ಮೇಲೆ, ಕಂಬಳಿ ಹೊದ್ದು, ಟೋಪಿ ಇಟ್ಟುಕೊಂಡು, ಬಿಸಿನೀರಿನ ಚೀಲ ತಬ್ಬಿಕೊಂಡು ಈಜುಕೊಳಕ್ಕೆ ಹೋಗಿಬರುತ್ತಿದ್ದವು. ಆ ಚಳಿಗಾಲದಲ್ಲಿ ವಾಲ್ಬಿಯಲ್ಲಿ ಅವಕ್ಕಿಂತ ಬೆಚ್ಚಗಿದ್ದವರು ಕಡಿಮೆ. ಅವುಗಳನ್ನು ಹೊತ್ತವನು ಮಾತ್ರ ಊದಿದ ಮೊಣಕೈ ಮಡಚಲಾಗದೆ ತೆಳ್ಳನೆಯ ಜಾಕೀಟಿನಲ್ಲಿ ನಡುಗುತ್ತಿದ್ದ.

ಒಂದು ದಿನ ಹಿಮ ಜೋರಾಗಿ ಬೀಳುತ್ತಿತ್ತು. ಕಣ್ಣು ಕಿರಿದು ಮಾಡಿಕೊಂಡು ತುಳಿಯುತ್ತ, “ಸೋಲ್ವೈ, ಕೈ ಹೊರಗೆ ಹಾಕ್ಬೇಡ” ಎಂದು ಗದರಿಸುತ್ತ, ಥೋರ್ಕಿಲ್ ಹೋಗಿ ನಿಂತದ್ದು ಈಜುಕೊಳದ ಮುಂದಲ್ಲ, ಶಿಶುವಿಹಾರದ ಗೇಟಿನ ಮುಂದೆ. ಸಲಿಕೆಯಿಂದ ಹಿಮ ಬಳಿಯುತ್ತಿದ್ದ ಅಲ್ಲಿಯ ಮಿಸ್ಸು ತಲೆಯೆತ್ತಿ ನೋಡಿ, “ಅರೆ, ಥೋರ್ಕಿಲ್! ಅಸ್ಗರ್ ಹೋಗಿ ಆಗಲೇ ತಿಂಗಳಾಯ್ತಲ್ಲ. ಏನಾದ್ರೂ ಮರ್ತು ಹೋಗಿದ್ನಾ?” ಎಂದಳು.

“ಹೌದು ಹೌದು” ಎಂದ ಥೋರ್ಕಿಲ್.

ಪಾಪ, ಆಕೆ ಒಳಗೆ ಹೋಗಿ ಮೂಲೆ ಮೂಲೆ ಹುಡುಕಿ, ಯಾರದೋ ಒಂಟಿ ಕೈಗವಸನ್ನು ತಂದುಕೊಟ್ಟಳು. ಅದು ಅಸ್ಗರನದಲ್ಲ. ಥೋರ್ಕಿಲ್ ಥ್ಯಾಂಕ್ಸ್ ಹೇಳಿ ಜೇಬಿಗೆ ಹಾಕಿಕೊಂಡ. ಕೆಲಸಕ್ಕೆ ತಡವಾಗಿ ಹೋಗಿ ಬೈಸಿಕೊಂಡ.

ಇತ್ತ ಇಂಗೆಲಿಸೆಯವರ ಸಂತೋಷಕ್ಕೆ ಹುಳು ಬಿತ್ತು. ದಿನಾ ಕಿಟಕಿಯಿಂದ ಕೈ ಬೀಸುತ್ತಾರೆ. ಕೆಂಪು ಟೋಪಿಗಳು ಅಲ್ಲಾಡುವುದಿಲ್ಲ. ಕೂಗಿ ಕರೆಯುತ್ತಾರೆ, ಉತ್ತರವಿಲ್ಲ. ಮೊದಲು ಅಂಗಳದಲ್ಲಿ ಹಿಮದ ಗೊಂಬೆ ಮಾಡಿ ಅದರ ಮೂಗಿಗೆ ಅವರದೇ ಕ್ಯಾರೆಟ್ ಕೇಳಿ ಒಯ್ಯುತ್ತಿದ್ದ ಮಕ್ಕಳು ಸಂಜೆ ಹೊರಗೇ ಕಾಣುವುದಿಲ್ಲ.

“ಪ್ರೆಬೆನ್, ಆ ಮಕ್ಕಳು ಮಿಸುಕಾಡೋದನ್ನ ನೀನು ಯಾವತ್ತಾದ್ರೂ ನೋಡಿದ್ಯಾ?”

ಪ್ರೆಬೆನ್ ಗಡ್ಡ ಕೆರೆದುಕೊಂಡ. “ಶಿಸ್ತಿನ ಮಕ್ಕಳು.”

“ಮೂರು ವರ್ಷದ್ದಕ್ಕೆ ಎಂಥ ಶಿಸ್ತೋ? ಸೋಮವಾರ ಹೇಗೆ ಕೂತಿದ್ವೋ ಶುಕ್ರವಾರಾನೂ ಹಾಗೇ ಕೂತಿದ್ವು. ತಲೆ ಒಂದೇ ಕಡೆ ವಾಲಿತ್ತು. ನಂಗ್ಯಾಕೋ ಎದೆ ಹೊಡ್ಕೊಳ್ತಿದೆ.”

ಅವರು ನಗರಸಭೆಗೆ ಫೋನು ಮಾಡಿದರು. ಮಾಡಿ, ಹೆಸರು ಹೇಳಿ, ಅತ್ತರು.

ನಗರಸಭೆಯಿಂದ ಮಕ್ಕಳ ಕ್ಷೇಮ ನೋಡುವ ಬಿರ್ಗಿಟ್ಟೆ ಎಂಬಾಕೆ ಗುರುವಾರ ಬೆಳಕು ಹರಿಯುವ ಮುಂಚೆಯೇ ತಮ್ಮ ಸೈಕಲ್ಲಿನಲ್ಲಿ ಬಂದರು. ಅಂಗಳದ ಬಾಗಿಲಲ್ಲಿ ಪ್ರೆಬೆನ್ ಇದ್ದ, ಕಿಟಕಿಯಲ್ಲಿ ಇಂಗೆಲಿಸೆ ಇದ್ದರು. ಥೋರ್ಕಿಲ್ ಪೆಟ್ಟಿಗೆ ಸೈಕಲ್ ತಳ್ಳಿಕೊಂಡು ಬಂದ.

“ನಮಸ್ಕಾರ ಥೋರ್ಕಿಲ್. ನಾನು ಬಿರ್ಗಿಟ್ಟೆ, ನಗರಸಭೆಯಿಂದ. ಗಾಬರಿ ಬೇಡ. ಮಕ್ಕಳಿಗೆ ಒಂದು ನಮಸ್ಕಾರ ಹೇಳ್ಬೇಕಿತ್ತು, ಅಷ್ಟೆ.”

“ನಿದ್ದೆ ಮಾಡ್ತಿದ್ದಾರೆ.”

“ಎಬ್ಬಿಸ್ಬಹುದಲ್ಲ?”

“ಹೌದು ಹೌದು, ಅದಕ್ಕೇನಂತೆ” ಎಂದ ಥೋರ್ಕಿಲ್. ಎಂದವನೇ ಸೈಕಲ್ ಹತ್ತಿ ಪೆಡಲು ತುಳಿದ.

ಯಾಕೆ ಹಾಗೆ ಮಾಡಿದ ಎಂದು ಆಮೇಲೆ ಎಷ್ಟೋ ಜನ ಕೇಳಿದರು. ಅವನಿಗೂ ಗೊತ್ತಿರಲಿಲ್ಲ. ಕಾಲು ಓಡಿತು, ಅವನು ಮೇಲಿದ್ದ. ಹಿಂದೆ ಬಿರ್ಗಿಟ್ಟೆ, “ನಿಲ್ಲಿ! ದಯವಿಟ್ಟು ನಿಲ್ಲಿ!” ಅವರ ಹಿಂದೆ ಪ್ರೆಬೆನ್, “ಬ್ರೇಕ್ ಹಾಕ್ಬೇಡ, ಜಾರುತ್ತೆ! ಅಲ್ಲ, ಹಾಕು! ಮೆಲ್ಲಗೆ ಹಾಕು!” ಕೊನೆಯಲ್ಲಿ ಮನೆಯ ಚಪ್ಪಲಿಯಲ್ಲಿ ಇಂಗೆಲಿಸೆ, “ಮಕ್ಕಳು, ಮಕ್ಕಳು!” ಎಂದು.

ಚರ್ಚಿನ ಮೂಲೆಗೆ ರಾತ್ರಿಯೆಲ್ಲ ಮಂಜುಗಡ್ಡೆ ಕರಗಿಸುವ ಉಪ್ಪು ಬಿದ್ದಿರಲಿಲ್ಲ. ಪೆಟ್ಟಿಗೆ ಒಮ್ಮೆ ಎಡಕ್ಕೆ ತೂಗಿತು, ಒಮ್ಮೆ ಬಲಕ್ಕೆ ತೂಗಿತು, ಆಮೇಲೆ ಮುದಿ ಹಸುವಿನ ಹಾಗೆ ಮೆಲ್ಲಗೆ ಪಕ್ಕಕ್ಕೆ ಮಲಗಿತು. ಗೂಡು ಕಿತ್ತುಬಂತು. ಕೆಂಪು ಟೋಪಿಯ ತಲೆಯೊಂದು ಹೊರಗೆ ಚಿಮ್ಮಿ ಸೈಕಲ್ ದಾರಿಯ ಕಲ್ಲಂಚಿಗೆ ಬಡಿಯಿತು.

ಆಫೀಸಿಗೆ ಹೋಗುವ ಜನರೆಲ್ಲ ಸೈಕಲ್ ಎಸೆದು ಓಡಿಬಂದರು. ಬಸ್ಸಿನ ಚಾಲಕ ರಸ್ತೆ ಮಧ್ಯೆಯೇ ಬಸ್ಸು ನಿಲ್ಲಿಸಿ ಇಳಿದ. ಇಂಗೆಲಿಸೆ ಹಿಮದಲ್ಲಿ ಮೊಣಕಾಲೂರಿ ಆ ತಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಗೋಣಿಯ ಹೊಲಿಗೆ ಬಿಟ್ಟಿತು. ಆಲೂಗಡ್ಡೆ ಒಂದೊಂದಾಗಿ ಅವರ ಮಡಿಲಿಂದ ಉರುಳಿ, ಇಳಿಜಾರು ಹಿಡಿದು, ನೆರೆದವರ ಬೂಟುಗಳ ನಡುವೆ ಹಾದು, ಚರಂಡಿಯ ಕಡೆಗೆ ಹೊರಟವು.

ಮೊದಲು ಬಸ್ಸಿನ ಚಾಲಕ ನಕ್ಕ. ಒಬ್ಬ ನಕ್ಕರೆ ಸಾಕಲ್ಲ, ಬೀದಿಯೆಲ್ಲ ನಕ್ಕಿತು. ನಗದೆ ಇದ್ದವರು ಮೂವರು: ಕೆಳಗೆ ಬಿದ್ದಿದ್ದ ಥೋರ್ಕಿಲ್, ಟೋಪಿ ಹಿಡಿದ ಇಂಗೆಲಿಸೆ, ಮತ್ತು ಕಾಲ ಬಳಿ ಬಂದ ಆಲೂಗಡ್ಡೆಯೊಂದನ್ನು ಎತ್ತಿ ನೋಡುತ್ತಿದ್ದ ಬಿರ್ಗಿಟ್ಟೆ.

“ಥೋರ್ಕಿಲ್,” ಎಂದರು ಆಕೆ, “ನಿಮ್ಮ ಮಕ್ಕಳು ಎಲ್ಲಿ?”

“ಕೋಗೆಯಲ್ಲಿ. ಅವರಮ್ಮನ ಹತ್ತಿರ.”

“ಯಾವಾಗಿಂದ?”

“ಹೊಸ ವರ್ಷದಿಂದ.”

“ಮತ್ತೆ ಇದೇನು?”

“ಖಾಲಿ ಪೆಟ್ಟಿಗೆ ವಾಲುತ್ತೆ.”

“ಟೋಪಿ?”

“ಇವರು ಕೊಟ್ರು. ಚಪ್ಪಲೀಲೇ ಬಂದು ಕೊಟ್ರು. ಮಕ್ಕಳಿಲ್ಲ ಅಂತ ಹೇಗೆ ಹೇಳ್ಲಿ?”

ಪ್ರೆಬೆನ್ ಮಾತ್ರ ಇನ್ನೂ ಹಿಂದಿನ ಅಧ್ಯಾಯದಲ್ಲೇ ಇದ್ದ. “ಅಂದ್ರೆ, ನನ್ನ ಕುರಿ ಚರ್ಮ...” ಎಂದು ಶುರುಮಾಡಿದ. ಇಂಗೆಲಿಸೆ ಅವನ ಕಡೆ ನೋಡಿದರು. ಅವನು ಬಗ್ಗಿ ಆಲೂಗಡ್ಡೆ ಆಯತೊಡಗಿದ. ಅವನನ್ನು ನೋಡಿ ಬಸ್ಸಿನ ಚಾಲಕನೂ ಬಗ್ಗಿದ.

ಆದರೆ ನಗರಸಭೆಯ ಕೆಲಸ ಅಲ್ಲಿಗೆ ಮುಗಿಯುವಂಥದ್ದಲ್ಲ. ಮಕ್ಕಳು ಕ್ಷೇಮವಾಗಿದ್ದಾರೆ ಎಂದು ಕಿವಿಯಾರೆ ಕೇಳಬೇಕು. ಬಿರ್ಗಿಟ್ಟೆ ಅಲ್ಲೇ ನಿಂತು ಕೋಗೆಗೆ ಫೋನು ಮಾಡಿದರು. “ಹೌದು, ಸೋಲ್ವೈ, ಅಸ್ಗರ್... ನಿಮ್ಮ ಹತ್ರಾನೇ ಇದ್ದಾರಲ್ವಾ? ಒಳ್ಳೇದು... ಇಲ್ಲ, ಪೆಟ್ಟಾಗಿಲ್ಲ... ಅಂದ್ರೆ, ಅವರು ಆಲೂಗಡ್ಡೇನ... ಹೇಗೆ ಹೇಳೋದು...” ಎಂದು ತಡವರಿಸುತ್ತಾ ಅವರು ಮೂಲೆಯಾಚೆ ಸರಿದರು. ಎಷ್ಟೇ ಒಳ್ಳೆಯ ಮಾತಿನಲ್ಲಿ ಹೇಳಿದರೂ ಇಂಥದ್ದು ಒಳ್ಳೆಯದಾಗಿ ಕೇಳಿಸುವುದಿಲ್ಲ.

ಆ ಸಂಜೆ ಇಂಗೆಲಿಸೆ ಮೆಟ್ಟಿಲು ಹತ್ತಿ ಬಂದರು. ಮುಚ್ಚಿದ ಪಾತ್ರೆಯಲ್ಲಿ ಬಿಸಿ ಬಿಸಿ ಆಲೂಗಡ್ಡೆ ಪಲ್ಯ, ಬೆಣ್ಣೆ ಹಾಕಿ ಹಿಸುಕಿ, ಮೇಲೆ ಹುರಿದ ಈರುಳ್ಳಿ, ಹಂದಿಮಾಂಸದ ಚೂರು. ಆ ನಾಡಿನಲ್ಲಿ ಆ ತಿಂಡಿಗೆ ‘ಉರಿಯುವ ಪ್ರೀತಿ’ ಎಂದು ಹೆಸರು.

“ಬೀದೀಲಿ ಬಿದ್ದಿದ್ದನ್ನೆಲ್ಲ ತೊಳೆದು ಮಾಡ್ದೆ. ರಾತ್ರಿಯೆಲ್ಲ ಹೊರಗೇ ಇದ್ದು ಚಳಿಗೆ ಹೆಪ್ಪುಗಟ್ಟಿ ಸಿಹಿಯಾಗಿಬಿಟ್ಟಿದೆ, ಉಪ್ಪು ಎಷ್ಟು ಹಾಕಿದ್ರೂ ಹಿಡೀತಿಲ್ಲ.” ಪಾತ್ರೆಯನ್ನು ಅವನ ಕೈಗಿಟ್ಟರು. “ಫೋನ್ ಮಾಡಿದ್ದು ನಾನೇ ಥೋರ್ಕಿಲ್.”

“ಗೊತ್ತು.”

“ಬೈಯಬಾರದೇನೋ?”

ಥೋರ್ಕಿಲ್ ಬೈಯಲಿಲ್ಲ. ಎರಡು ತಟ್ಟೆ ಇಟ್ಟ. ಇಬ್ಬರೂ ಪಿಯಾನೊ ಪಕ್ಕ ಕೂತು ಉಂಡರು. ಇಂಗೆಲಿಸೆ ಮಧ್ಯದಲ್ಲಿ ಒಮ್ಮೆ, “ಕ್ಯಾರೆಟ್ ಕೇಳೋಕೆ ಯಾರೂ ಬರ್ಲಿಲ್ಲ ಅಂದಾಗ್ಲೇ ನಂಗೆ ತಿಳೀಬೇಕಿತ್ತು” ಎಂದರು. ಥೋರ್ಕಿಲ್ ಅವರ ತಟ್ಟೆಗೆ ಇನ್ನಷ್ಟು ಬಡಿಸಿದ. ಪಲ್ಯ ನಿಜವಾಗಿಯೂ ಸಿಹಿಯಾಗಿತ್ತು.

ಶನಿವಾರ ಮಕ್ಕಳು ಮೊದಲ ಸಲ ಬರುವ ದಿನ. ಥೋರ್ಕಿಲ್ ಮಧ್ಯಾಹ್ನವೇ ಸೈಕಲ್ ತೊಳೆದ, ಗೂಡಿಗೆ ಹೊಲಿಗೆ ಹಾಕಿದ, ಪ್ರೆಬೆನ್ ವಾಪಸು ಒಯ್ಯದೆ ಬಿಟ್ಟುಹೋದ ಕುರಿ ಚರ್ಮ ಹಾಸಿದ, ಎರಡು ಬಿಸಿನೀರಿನ ಚೀಲ ಇಟ್ಟು ಕಂಬಳಿ ಮುಚ್ಚಿದ. ವಾಲ್ಬಿ ನಿಲ್ದಾಣದಲ್ಲಿ ರೈಲು ಬಂತು. ರಿಕ್ಕೆ ಇಳಿದಳು. ಅವಳ ಹಿಂದೆ ಬಾಗಿಲು ಮುಚ್ಚಿಕೊಂಡಿತು.

“ಮಕ್ಕಳು?”

“ನಮ್ಮಮ್ಮನ ಹತ್ರ ಬಿಟ್ಟು ಬಂದೆ. ಮೊದ್ಲು ನಿನ್ನ ನೋಡ್ಬೇಕು ಅನ್ನಿಸ್ತು.” ಅವಳು ಅವನ ಮುಖವನ್ನೇ ನೋಡಿದಳು. “ಥೋರ್ಕಿಲ್, ನಿಂಗೆ ತಲೆ ಸರಿಯಿದ್ಯಾ?”

ಹೌದು ಎಂದು ಹೇಳಬಹುದಾಗಿದ್ದ ಒಂದೇ ಒಂದು ಪ್ರಶ್ನೆ ಅದು. ಅವನು ಸುಮ್ಮನಿದ್ದ.

ಇಬ್ಬರೂ ಹಿಮದಲ್ಲಿ ನಡೆದರು, ಸೈಕಲ್ ನಡುವೆ. ರಿಕ್ಕೆ ಕೈ ಉಜ್ಜಿಕೊಳ್ಳುತ್ತಿದ್ದಳು. ಥೋರ್ಕಿಲ್ ಪೆಟ್ಟಿಗೆಯಿಂದ ಬಿಸಿನೀರಿನ ಚೀಲ ತೆಗೆದು ಕೊಟ್ಟ. ಅವಳು ಅದನ್ನು ಕೋಟಿನೊಳಗೆ ಸೇರಿಸಿಕೊಂಡಳು.

“ಆಲೂಗಡ್ಡೆಗೆ ಟೋಪಿ ಹಾಕ್ಕೊಂಡು ತಿಂಗಳಿಡೀ ಓಡಾಡೋ ಬದಲು ಮಕ್ಕಳಿಲ್ಲಿಲ್ಲ ಅಂತ ಒಂದು ಮಾತು ಹೇಳೋಕಾಗಲಿಲ್ವಾ ನಿಂಗೆ?”

“ಇಲ್ಲ.”

ರಿಕ್ಕೆ ನಿಂತಳು. ಇಷ್ಟು ವರ್ಷದಲ್ಲಿ ಅವನ ಬಾಯಲ್ಲಿ ಆ ಮಾತನ್ನು ಅವಳು ಕೇಳಿರಲಿಲ್ಲ. ಒಂದು ಸಲ ಹೊರಬಿದ್ದದ್ದೇ ತಡ, ಅದು ತನ್ನ ಬಂಧುಬಳಗವನ್ನೆಲ್ಲ ಕರೆದುಕೊಂಡು ಬಂತು.

“ಇಲ್ಲ. ಆಗಲೂ ಇಲ್ಲ. ಅಡುಗೆಮನೇಲಿ ಕೂತು ಬೇರೆ ಇರೋದು ಒಳ್ಳೇದಲ್ವಾ ಅಂದ್ಯಲ್ಲ, ನಂಗೆ ಹಾಗನ್ನಿಸಿರ್ಲಿಲ್ಲ. ಕೋಗೆಗೆ ಹೋಗ್ಬಹುದಾ ಅಂದೆ. ಬೇಡ ಅಂತಿತ್ತು ನಂಗೆ.”

“ಮತ್ತೆ ಯಾಕೋ ಹೇಳ್ಲಿಲ್ಲ?” ರಿಕ್ಕೆಯ ದನಿ ಏರಿತು. ನಾಯಿ ಹಿಡಿದು ಹೋಗುತ್ತಿದ್ದ ಮುದುಕನೊಬ್ಬ ಆಚೆ ಬದಿಗೆ ದಾಟಿದ. “ಎಷ್ಟು ಹೊತ್ತು ಕೂತಿದ್ದೆ ಗೊತ್ತಾ ಆವತ್ತು! ಬೇಡ ಅಂತೀಯೇನೋ, ಮೇಜು ಗುದ್ತೀಯೇನೋ, ಲೋಟ ಎಸೀತೀಯೇನೋ ಅಂತ ಕಾದೆ. ನೀನು ಕಾಫಿ ಹಾಕ್ದೆ!”

“ನಿನ್ನ ಲೋಟ ಖಾಲಿಯಾಗಿತ್ತು.”

ರಿಕ್ಕೆ ನಕ್ಕಳು. ನಕ್ಕದ್ದು ಅಲ್ಲೇ ಮುರಿದುಹೋಗಿ ಅಳುವಾಯಿತು. ಕೈಗವಸಿನಲ್ಲಿ ಮೂಗು ಒರೆಸಿಕೊಂಡಳು.

“ಬೇಡ ಅಂದಿದ್ರೆ?” ಎಂದು ಕೇಳಿದ ಥೋರ್ಕಿಲ್.

“ಗೊತ್ತಿಲ್ಲ. ಬಹುಶಃ ಹೋಗ್ತಿರಲಿಲ್ಲ.” ತುಂಬ ಹೊತ್ತು ನಡೆದ ಮೇಲೆ, “ಈಗ ಆಗಲ್ಲ ಥೋರ್ಕಿಲ್. ಸೋಲ್ವೈಗೆ ಅಲ್ಲೊಬ್ಬಳು ಗೆಳತಿ ಸಿಕ್ಕಿದ್ದಾಳೆ. ನಾನೂ ಈಗ... ಆಗಲ್ಲ” ಎಂದಳು.

“ಹೌದು” ಎಂದ ಥೋರ್ಕಿಲ್. ಈ ಸಲ ಒಂದೇ ಹೌದು.

ಇನ್ನೇನು ನಿಲ್ದಾಣಕ್ಕೆ ಹಿಂದಿರುಗಬೇಕು ಎನ್ನುವಾಗ ಅವಳೇ ಅಸ್ಗರನ ಮಾತು ತೆಗೆದಳು. ಕೋಗೆಯಲ್ಲಿ ಕಡಲ ಗಾಳಿ. ಸೋಲ್ವೈಯನ್ನು ನಡೆಸಿಕೊಂಡು, ಅವನನ್ನು ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕೂರಿಸಿ ತಳ್ಳಿಕೊಂಡು ಹೋಗುತ್ತಾಳಂತೆ. ಬೆರಳು ನೀಲಿಗಟ್ಟಿ ದಾರಿಯುದ್ದಕ್ಕೂ ಅಳುತ್ತಾನಂತೆ. “ಪೆಟ್ಟಿಗೆ ಬೇಕು, ಪೆಟ್ಟಿಗೆ” ಅನ್ನುತ್ತಾನಂತೆ.

“ಇದನ್ನ ಇಟ್ಕೋ” ಎಂದ ಥೋರ್ಕಿಲ್.

ಅವಳು ಕೇಳಿರಲಿಲ್ಲ. ಯಾರೂ ಕೇಳದೆ ಅವನು ಹೇಳಿದ ಮಾತು ಅದು.

“ನಿಂಗೆ?”

“ನಂಗೇನು. ಆಲೂಗಡ್ಡೆ ತಾನೇ, ಕೈಲಿ ಹಿಡ್ಕೊಂಡು ಹೋಗ್ತೀನಿ.”

ಭಾನುವಾರ ಬೆಳಿಗ್ಗೆ ಸುದ್ದಿ ಕೇಳಿ ಪ್ರೆಬೆನ್ ಕಾರಿನ ಹಿಂದೆ ಕಟ್ಟುವ ಗಾಡಿಯೊಂದನ್ನು ಎಳೆದುತಂದ. “ಈ ಗಾಳೀಲಿ ಕೋಗೆವರೆಗೆ ತುಳಿಯೋದು ಹುಚ್ಚು. ಹಗ್ಗ ಇದೆ, ಕೊಕ್ಕೆ ಇದೆ. ಏರಿಸೋಣ ಅಲ್ವಾ?”

“ಇಲ್ಲ ಪ್ರೆಬೆನ್. ನಾನೇ ಹೋಗ್ತೀನಿ.”

ಪ್ರೆಬೆನ್ ಕೊಕ್ಕೆ ಹಿಡಿದುಕೊಂಡು ಗಾಡಿಯ ಅಂಚಿನ ಮೇಲೆ ಕೂತುಬಿಟ್ಟ. ಇಂಗೆಲಿಸೆ ಕಿಟಕಿ ತೆರೆದರು. ಕೂಗಿ ಏನೋ ಕೇಳುವವರಿದ್ದರು, ಕೇಳಲಿಲ್ಲ. ಹೊರಗೆ ಬಂದು ಹುಳಿರೊಟ್ಟಿಯ ಬುತ್ತಿ ಕೊಟ್ಟು, ಆಲೂಗಡ್ಡೆಯ ಬದಲು ಭಾರಕ್ಕೆಂದು ಬೆಲ್ಟು ಬಿಗಿದಿದ್ದ ಉಪ್ಪಿನ ಚೀಲಗಳನ್ನೊಮ್ಮೆ ಮುಟ್ಟಿ ನೋಡಿ ಒಳಗೆ ಹೋದರು.

ದಾರಿಯುದ್ದಕ್ಕೂ ಎದುರು ಗಾಳಿ. ಬೂದು ಕಡಲು ಎಡಕ್ಕೆ. ಥೋರ್ಕಿಲ್ ಮೂರು ಕಡೆ ಇಳಿದು ತಳ್ಳಿದ, ಒಂದು ಬಸ್ ನಿಲ್ದಾಣದಲ್ಲಿ ಕೂತು ರೊಟ್ಟಿ ತಿಂದ, ಕಾಲು ಮರಗಟ್ಟಿ ಇಳಿಯಲಾಗದೆ ಒಂದು ಬೇಲಿಗೆ ಆತು ನಿಂತ. ಕತ್ತಲಾಗುವ ಹೊತ್ತಿಗೆ ಕೋಗೆ ತಲುಪಿ ಬಾಗಿಲು ತಟ್ಟಿದಾಗ ಸೋಲ್ವೈ ತೆರೆದಳು.

“ಅಪ್ಪ! ನಿನ್ನ ಮೀಸೆ ಗಾಜಾಗಿದೆ!”

ಅಸ್ಗರ್ ಅಪ್ಪನನ್ನು ನೋಡಲೇ ಇಲ್ಲ. ಸೀದಾ ಹೋಗಿ ಪೆಟ್ಟಿಗೆ ಹತ್ತಿ ಕೂತ. ಊಟಕ್ಕೆ ಕರೆದರೂ ಇಳಿಯಲಿಲ್ಲ.

ರಾತ್ರಿ ಥೋರ್ಕಿಲ್ ಸೋಫಾದ ಮೇಲೆ ಮಲಗಿದ. ಬೆಳಿಗ್ಗೆ ಎದ್ದು ಮಕ್ಕಳಿಗೆ ತಾನೇ ಬಟ್ಟೆ ಹಾಕಿದ: ಉಣ್ಣೆ, ಅದರ ಮೇಲೆ ಉಣ್ಣೆ, ಅದರ ಮೇಲೆ ಗಾಳಿ ತಡೆಯುವುದು. ಕೆನ್ನೆಗೆ ಮುಲಾಮು ಹಚ್ಚುವಾಗ ಅಸ್ಗರ್, “ಮೂಗಿಗೂ” ಎಂದ. ಮೂಗಿಗೂ ಹಚ್ಚಿದ. ಇಬ್ಬರನ್ನೂ ಪೆಟ್ಟಿಗೆಯಲ್ಲಿ ಕೂರಿಸಿದ. ಸೋಲ್ವೈ ಬೆಳೆದಿದ್ದಳು, ಮೊಣಕಾಲು ಮಡಚಿಕೊಳ್ಳಬೇಕಾಯಿತು.

ರಿಕ್ಕೆ ಸೀಟಿನ ಮೇಲೆ ಕೂತು ಹ್ಯಾಂಡಲ್ ಹಿಡಿದಳು. ಈ ಸೈಕಲ್ಲನ್ನು ಅವಳು ಯಾವತ್ತೂ ಓಡಿಸಿದವಳಲ್ಲ.

“ತಿರುವಲ್ಲಿ ನಿಧಾನ,” ಎಂದ ಥೋರ್ಕಿಲ್, “ಒಳಗಡೆಗೆ ಮೈ ಒರಗಿಸು. ಬ್ರೇಕ್ ಒಮ್ಮೆಲೇ ಹಿಡೀಬೇಡ. ಏರಿನಲ್ಲಿ ಅವರನ್ನ ಹ್ಞೂಂ ಹ್ಞೂಂ ಅನ್ನೋಕೆ ಹೇಳು, ತಳ್ಳಿದ ಹಾಗೆ. ಅವ್ರಿಗೆ ಅದು ಇಷ್ಟ.”

“ಬೀಳ್ತೀನಿ ಕಣೋ!”

“ಬೀಳಲ್ಲ. ಹಿಡ್ಕೊಂಡಿರ್ತೀನಿ.”

ಸೈಕಲ್ ಹೊರಟಿತು. ಥೋರ್ಕಿಲ್ ಪೆಟ್ಟಿಗೆಯ ಅಂಚು ಹಿಡಿದು ಪಕ್ಕದಲ್ಲಿ ಓಡಿದ. ರಿಕ್ಕೆ ಕಿರುಚಿದಳು, ಅಡ್ಡಾದಿಡ್ಡಿ ಹೋದಳು, ಅಂಚೆ ಪೆಟ್ಟಿಗೆಯೊಂದನ್ನು ಸವರಿದಳು. ಒಳಗೆ ಮಕ್ಕಳು ಹ್ಞೂಂ ಹ್ಞೂಂ ಎಂದು ಗುಡುಗುತ್ತಿದ್ದರು. “ಅಪ್ಪ, ಓಡು! ಇನ್ನೂ ಜೋರಾಗಿ ಓಡು!” ಎಂದಳು ಸೋಲ್ವೈ. ಅವನು ಓಡಿದ. ಮೊದಲನೇ ತಿರುವು ಬಂತು, ದಾಟಿತು. ಎರಡನೇ ತಿರುವಿನಲ್ಲಿ ರಿಕ್ಕೆ ಮೈ ಒರಗಿಸಿದಳು, ಸೈಕಲ್ ಸಲೀಸಾಗಿ ಹೊರಳಿತು. ಆಮೇಲೆ ಅದು ತಾನಾಗಿಯೇ ನೆಟ್ಟಗೆ ಹೋಗತೊಡಗಿತು, ವೇಗ ಹಿಡಿಯಿತು. ಥೋರ್ಕಿಲನ ಉಸಿರು ಸಾಲಲಿಲ್ಲ. ಕೈ ಬಿಟ್ಟ.

ದಾರಿಯ ಮಧ್ಯೆ ಮೊಣಕಾಲ ಮೇಲೆ ಕೈಯೂರಿ ನಿಂತು ನೋಡಿದ. ಪ್ಲಾಸ್ಟಿಕ್ ಕಿಟಕಿಯ ಹಿಂದೆ ಎರಡು ತಲೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ, ಎಗರುತ್ತ, ತಿರುಗಿ ನೋಡದೆ, ಶಾಲೆಯ ಬೀದಿಗೆ ಹೊರಳಿದವು.

ಹಿಂದಿನಿಂದ ಸೈಕಲ್ಲಿನ ಗಂಟೆ ಕೇಳಿಸಿತು.

“ಏ ಮಾರಾಯ, ಇದು ಸೈಕಲ್ ಹೋಗೋ ದಾರಿ! ಸೈಕಲ್ ಇಲ್ದೋರು ಇಲ್ಲಿ ನಿಂತು ಏನು ಮಾಡ್ತೀರಿ?”

“ಕ್ಷಮಿಸಿ” ಎಂದು ಥೋರ್ಕಿಲ್ ಪಕ್ಕಕ್ಕೆ ಸರಿದ.